ಕುಮಾರಪರ್ವತದ ನೆತ್ತಿಯಲ್ಲಿ ಮರಗಳೇಕೆ ಕಡಿಮೆ?

ಕುಮಾರಪರ್ವತ ಹತ್ತಿ ಬಂದ ಹುಡುಗರು ತರಗತಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ. “ಸಾರ್, ಕೆಳಗೆ ಬಿಸಿಲೇ ಬೀಳದಷ್ಟು ಕಾಡು. ಮೇಲೆ ಹೋದರೆ ಗುಡ್ಡದ ತುಂಬ ಬರೀ ಹುಲ್ಲು. ಮರಗಳನ್ನೆಲ್ಲ ಯಾರು ಕಡಿದರು?”

ಯಾರೂ ಕಡಿದಿಲ್ಲ. ಆದರೆ ಪ್ರಶ್ನೆ ಚೆನ್ನಾಗಿದೆ. ಉತ್ತರ ಬೇಕಾದರೆ ಕುಕ್ಕೆ ಸುಬ್ರಹ್ಮಣ್ಯದಿಂದಲೇ ಹೊರಡಬೇಕು.

ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧ ತೊಳೆದ ನೀರೇ ಕುಮಾರಧಾರಾ ಎಂಬುದು ಸ್ಥಳಪುರಾಣ. ಭಕ್ತರು ಮೀಯುವ ಆ ಹೊಳೆ ಹುಟ್ಟುವುದು ಈ ಬೆಟ್ಟಸಾಲಿನಲ್ಲಿ. ಮುಂದೆ ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಯನ್ನು ಕೂಡಿ ಮಂಗಳೂರಿನ ಬಳಿ ಕಡಲು ಸೇರುತ್ತದೆ. ಬೆಟ್ಟದ ಎತ್ತರ 1712 ಮೀಟರ್. ಕೊಡಗಿನಲ್ಲಿ ಇದನ್ನು ಮೀರಿಸುವುದು ತಡಿಯಂಡಮೋಳ್. ಸುತ್ತಲಿನ ಕಾಡು ಪುಷ್ಪಗಿರಿ ವನ್ಯಜೀವಿಧಾಮ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅವುಗಳಲ್ಲಿ ಒಂದಾಗಿತ್ತು.

ಸುಬ್ರಹ್ಮಣ್ಯದಿಂದ ತುದಿಗೆ ಸುಮಾರು ಒಂದೂವರೆ ಕಿಲೋಮೀಟರ್‌ನಷ್ಟು ನೇರ ಏರು. ಒಂದು ಕಿಲೋಮೀಟರ್ ಮೇಲೇರಿದರೆ ವಾತಾವರಣದ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂದು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಅಂದರೆ ತುದಿಯಲ್ಲಿ ಹತ್ತು ಡಿಗ್ರಿಯಷ್ಟು ತಂಪು. ಹೋಗುವಾಗ ಒಂದು ಉಷ್ಣತಾಮಾಪಕ ಒಯ್ದು, ನೆರಳಿನಲ್ಲಿ ಹಿಡಿದು ಅಳೆದು ನೋಡಿ. ಪಾದರಸದ್ದು ಬೇಡ, ಒಡೆದರೆ ವಿಷ, ಮದ್ಯಸಾರದ್ದಿರಲಿ. ತುದಿಯಲ್ಲಿ ಗಾಳಿಯ ಒತ್ತಡವೂ ಕಡಿಮೆ. ಅಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಅನ್ನ ಬೇಯುವುದು ತಡ. (ಹಾಗೆಂದು ಅಲ್ಲಿ ಒಲೆ ಹೂಡಲು ಹೋಗಬೇಡಿ!)

ಮೊದಲ ಹಂತ ನಿತ್ಯಹರಿದ್ವರ್ಣದ ಕಾಡು, ಮಳೆಗಾಲ ಮುಗಿದ ಮೇಲೂ ಇಂಬಳದ ಕಾಟ. ಗಿರಿಗದ್ದೆ ದಾಟಿದರೆ ಹುಲ್ಲಿನ ಏರು. ಶೇಷಪರ್ವತದಾಚೆ ಇಳಿದರೆ ಮತ್ತೆ ದಟ್ಟ ಕಾಡು. ಅದನ್ನು ದಾಟಿ ಬಂಡೆ ಹತ್ತಿದರೆ ಕುಮಾರಪರ್ವತ. ಇಲ್ಲೇ ಉತ್ತರವಿದೆ. ಗಾಳಿ ಬಡಿಯುವ, ಮಣ್ಣಿನ ಪದರ ತೆಳುವಾದ ಏಣುಗಳಲ್ಲಿ ಹುಲ್ಲು. ಗಾಳಿಯ ಮರೆಯಿದ್ದು ಮಣ್ಣೂ ತೇವವೂ ನಿಲ್ಲುವ ಮಡಿಕೆಗಳಲ್ಲಿ ಮರ. ಈ ಮಡಿಕೆಯ ಕಾಡಿಗೆ ಶೋಲಾ ಎಂದು ಹೆಸರು. ಆಗಾಗ ಬೀಳುವ ಬೆಂಕಿಯೂ ಮರದ ಸಸಿಗಳನ್ನು ಹುಲ್ಲಿನೊಳಗೆ ಬರಗೊಡುವುದಿಲ್ಲ.

ಹುಲ್ಲುಗಾವಲೆಂದರೆ ಹಾಳುಬಿದ್ದ ಕಾಡಲ್ಲ. ನೀಲಗಿರಿಯಲ್ಲಿ ಪೀಟ್ ಮಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳು ಅಲ್ಲಿನ ಹುಲ್ಲುಗಾವಲು 20 ಸಾವಿರ ವರ್ಷಗಳ ಹಿಂದೆಯೂ ಇತ್ತೆಂದು ಕಂಡಿದ್ದಾರೆ. ಅದು ತಿಳಿಯದೆ “ಬೋಳುಗುಡ್ಡ” ಎಂದು ಅಕೇಶಿಯಾ ನೆಟ್ಟು ಹಸಿರು ಮಾಡಿದೆವೆಂದು ಬೀಗಿದವರುಂಟು. ಹುಲ್ಲಿನ ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ. ಶೋಲಾದ ತರಗೆಲೆ ಮಳೆನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಮಳೆ ನಿಂತು ತಿಂಗಳುಗಳಾದ ಮೇಲೂ ತೊರೆ ಹರಿಯುವುದು ಹೀಗೆ.

2024ರ ಜನವರಿ ಕೊನೆಯ ರಜೆಯಲ್ಲಿ ಸಾವಿರಾರು ಮಂದಿ ಒಟ್ಟಿಗೇ ಬಂದು ಈ ದಾರಿಯಲ್ಲಿ ಸಾಲುಗಟ್ಟಿದರು. ಸರ್ಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿತು. ಆಮೇಲೆ ಆನ್‌ಲೈನ್ ನೋಂದಣಿಯೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂದವು. “ದೇವರ ಬೆಟ್ಟಕ್ಕೂ ಚೀಟಿಯೇ ಮೇಷ್ಟ್ರೇ?” ಎಂದು ಪೋಷಕರು ಕೇಳುತ್ತಾರೆ. ಬೇಕು. ಪ್ಲಾಸ್ಟಿಕ್ಕನ್ನು ಹೆಕ್ಕಿ ಕೆಳಗೆ ತರಬಹುದು, ತುಳಿದ ನೆಲವನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ. ಸಾವಿರ ಕಾಲು ತುಳಿದ ಕಡೆ ಹುಲ್ಲು ಸಾಯುತ್ತದೆ, ಮಣ್ಣಿನ ಸಂದುಗಳು ಮುಚ್ಚಿಹೋಗುತ್ತವೆ. ಇಂಗಬೇಕಾದ ನೀರು ಮೇಲೆಯೇ ಓಡಿ ಕೊರಕಲು ಕೊರೆಯುತ್ತದೆ. ಕೆಳಗೆ ಸ್ನಾನಘಟ್ಟಕ್ಕೆ ಬರುವುದೂ ಈ ಬೆಟ್ಟದ ನೀರೇ ಅಲ್ಲವೇ?

ನಂಬಿಕೆಯಾಗದಿದ್ದರೆ ಮಕ್ಕಳೊಂದಿಗೆ ಮನೆಯಲ್ಲೇ ಪ್ರಯೋಗ ಮಾಡಿ. ಎರಡು ಹಳೆಯ ತಟ್ಟೆಗಳಲ್ಲಿ ಒಂದೇ ಬಗೆಯ ಮಣ್ಣು ತುಂಬಿ. ಒಂದರಲ್ಲಿ ರಾಗಿ ಚೆಲ್ಲಿ, ಪೈರು ಗೇಣುದ್ದ ಬರುವವರೆಗೆ ಬಿಡಿ. ಇನ್ನೊಂದರ ಮಣ್ಣನ್ನು ಗಟ್ಟಿಯಾಗಿ ತಟ್ಟಿ. ಎರಡನ್ನೂ ಒಂದೇ ಓರೆಯಲ್ಲಿಟ್ಟು ಒಂದೊಂದು ಚೆಂಬು ನೀರು ಸುರಿಯಿರಿ. ಕೆಳಗೆ ಇಟ್ಟ ಬೋಗುಣಿಗಳಲ್ಲಿ ಬಿದ್ದ ನೀರು ಎಷ್ಟು, ಬಣ್ಣ ಯಾವುದು ಎಂದು ಬರೆದಿಟ್ಟುಕೊಳ್ಳಿ.