ತಂಬುಳಿ ಸೊಪ್ಪಿಗೊಂದಿಷ್ಟು ನೆಲ

ಕಾಫಿ ಕೊಯ್ಲು ಮುಗಿದು, ಅಡಿಕೆ ಮೂಟೆ ಕಟ್ಟಿ, ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ಈ ದಿನಗಳಲ್ಲಿ ಕಾರ್ಯದರ್ಶಿಯ ಪುಟದಲ್ಲಿ ಗೊಬ್ಬರದ ದಾಸ್ತಾನು, ಸಾಲದ ಕಂತು, ಮೈಲುತುತ್ತದ ಮುಂಗಡ ಬೇಡಿಕೆ ಇವುಗಳ ವಿಚಾರ ಬರುವುದು ರೂಢಿ. ಈ ಸಲ ನಾವು ಒಂದೆಲಗದ ವಿಚಾರ ಬರೆಯಲು ಹೊರಟಿದ್ದೇವೆ. ಸದಸ್ಯ ಬಾಂಧವರು ನಗಬಹುದು. ನಗಲಿ, ಆದರೆ ಓದಿ ಮುಗಿಸಿದ ಮೇಲೆ ನಗಬೇಕೆಂದು ವಿನಂತಿ.

ಕಳೆದ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲೇ ನಡೆದ ಸಂಗತಿ. ಬೆಂಗಳೂರಿನಿಂದ ಮಗಳು ಮೊಮ್ಮಗನೊಡನೆ ಬಂದಿದ್ದಳು. ಬಿಸಿಲಿನ ಉಷ್ಣಕ್ಕೆ ಮಗುವಿನ ಬಾಯಿ ಹುಣ್ಣಾಗಿ ಊಟ ಸೇರುತ್ತಿರಲಿಲ್ಲ. ನಮ್ಮ ಮನೆಯವರು ಬೆಳಿಗ್ಗೆಯೇ ತೋಟಕ್ಕಿಳಿದು ಬಸಿಗಾಲುವೆಯ ಅಂಚಿನಿಂದ ಎರಡು ಹಿಡಿ ಒಂದೆಲಗ ಕಿತ್ತು ತಂದರು; ಮೂರು ನೀರಿನಲ್ಲಿ ತೊಳೆದು, ಕಾಯಿತುರಿಯೊಡನೆ ಮಿಕ್ಸಿಗೆ ಹಾಕಿದರು. ಅಷ್ಟರಲ್ಲಿ ಕಾಫಿ ಕುಡಿಯಲು ಹಿತ್ತಿಲ ಬಾಗಿಲಿಗೆ ಬಂದ ಕೆಲಸದವನು ಬುಟ್ಟಿಯಲ್ಲಿ ಉಳಿದಿದ್ದ ಸೊಪ್ಪು ನೋಡಿ, "ಅಮ್ಮಾ, ಇದು ಕೆಳಗಿನ ತೋಟದ್ದಾ? ಮೊನ್ನೆ ಅಲ್ಲಿ ಹುಲ್ಲಿಗೆ ಔಷಧಿ ಹೊಡೆದಿದ್ದೆನಲ್ಲ!" ಎಂದ. ಹೊಡೆಸಿದವರು ನಾವು. ಮನೆಯಲ್ಲಿ ಹೇಳಲು ಮರೆತವರೂ ನಾವೇ. ಮಿಕ್ಸಿಯಲ್ಲಿದ್ದುದನ್ನು ಗುಂಡಿಗೆ ಸುರಿದದ್ದಾಯಿತು. ಮನೆಯವರು ಆ ದಿನವಿಡೀ ನಮ್ಮೊಡನೆ ಮಾತನಾಡಲಿಲ್ಲ.

ಸೊಪ್ಪು ಎಳಸಾಗಿ, ಹಚ್ಚಹಸಿರಾಗಿಯೇ ಇತ್ತು. ಗಮನಿಸಬೇಕಾದ ವಿಷಯವೇ ಇದು. ಗ್ಲೈಫೋಸೇಟ್‌ನಂತಹ ಕಳೆನಾಶಕ ಎಲೆಯ ಮೂಲಕ ಒಳಹೊಕ್ಕು ಬೇರಿನವರೆಗೆ ಇಳಿದು ನಿಧಾನವಾಗಿ ಕೊಲ್ಲುತ್ತದೆ. ಎಲೆ ಹಳದಿಯಾಗಲು ಹಲವು ದಿನ ಬೇಕು. ಹಸಿರಾಗಿದ್ದರೆ ಒಳ್ಳೆಯದು, ಬಾಡಿದ್ದರೆ ಬೇಡ ಎಂದು ನಮ್ಮ ತಾಯಂದಿರು ಕಲಿಸಿದ ಲೆಕ್ಕ ಇಲ್ಲಿ ತಪ್ಪುತ್ತದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗಕ್ಕೆ ಸೇರಿಸಿತು. ಹಾಗಲ್ಲವೆನ್ನುವ ತಜ್ಞರೂ ಇದ್ದಾರೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಕೀಟ ನಿಯಂತ್ರಣದ ಪರವಾನಗಿ ಪಡೆದವರ ಹೊರತು ಬೇರೆಯವರು ಇದನ್ನು ಸಿಂಪಡಿಸಬಾರದೆಂದು ಅಧಿಸೂಚನೆ ಹೊರಡಿಸಿತು. ತಜ್ಞರ ವಾದ ಎತ್ತ ಹೋದರೂ, ಸಿಂಪಡಿಸಿದ ಸೊಪ್ಪನ್ನು ಹಸಿಯಾಗಿ ರುಬ್ಬಿ ಮಗುವಿಗೆ ಕುಡಿಸಬಹುದೆಂದು ಯಾವ ಡಬ್ಬಿಯ ಮೇಲೂ ಬರೆದಿಲ್ಲ.

ಕಳೆನಾಶಕವೇ ಬೇಡವೆಂದು ಉಪದೇಶಿಸುವ ಯೋಗ್ಯತೆ ನಮಗಿಲ್ಲ. ನಮ್ಮ ಸಂಘದ ಮಳಿಗೆಯಲ್ಲೇ ಅಂತಹ ಡಬ್ಬಿಗಳಿವೆ, ಅದರ ಲಾಭ ನಮ್ಮ ಲೆಕ್ಕಪತ್ರದಲ್ಲೇ ಕೂತಿದೆ. ಹುಲ್ಲು ಕೆತ್ತಲು ಆಳು ಸಿಗದೆ ಎರಡೆಕರೆಯವರು ಪಡುವ ಪಾಡು ನಮಗೆ ಗೊತ್ತು. ನಮ್ಮ ವಾದ ಇಷ್ಟೇ: ಮನೆಗೂ ತೋಟದ ಮೊದಲ ಸಾಲಿಗೂ ನಡುವೆ ಪಂಪು ಬಾರದ ಒಂದು ಪಟ್ಟಿ ನೆಲ ಇರಲಿ. ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ. ಅದರೊಳಗೆ ಏನು ಬೆಳೆಯಬೇಕು, ಯಾರು ಕಾಲಿಡಬೇಕು ಎಂಬುದನ್ನು ಅಡಿಗೆ ಮಾಡುವವರು ನಿರ್ಧರಿಸಲಿ, ಯಜಮಾನರಲ್ಲ. ಅಡಿಕೆ ಮರದ ಬುಡದಲ್ಲೇ ಸೊಪ್ಪಿದ್ದರೆ ಸಾಲದೇ ಎಂದರೆ, ಸಾಲದು. ಕೊಳೆರೋಗಕ್ಕೆ ಮಳೆಗಾಲದ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಗೊನೆಯಿಂದ ತೊಟ್ಟಿಕ್ಕಿ ಬೀಳುವುದು ಅದೇ ಸೊಪ್ಪಿನ ಮೇಲೆ. ದನದ ಕೊಟ್ಟಿಗೆಯ ನೀರು ಹರಿಯುವ ಕಾಲುವೆಯ ಒಂದೆಲಗವೂ ಹಸಿಯಾಗಿ ತಿನ್ನಲು ತಕ್ಕದ್ದಲ್ಲ, ಎಷ್ಟೇ ಸೊಂಪಾಗಿರಲಿ.

ಒಂದೆಲಗಕ್ಕೆ ಬೇಕಾದ್ದು ತೇವ ಮತ್ತು ಅರೆನೆರಳು. ಬೇರು ಬಿಟ್ಟ ಬಳ್ಳಿಯ ನಾಲ್ಕು ತುಂಡು ಊರಿದರೆ ಅದೇ ಹಬ್ಬುತ್ತದೆ. ಬೇಸಿಗೆಯಲ್ಲಿ ಬಾವಿಯ ತಳ ಕಾಣುವವರು ಸೊಪ್ಪು, ತರಕಾರಿ ತೊಳೆದ ನೀರನ್ನು ಅದಕ್ಕೆ ಚೆಲ್ಲಿದರೆ ಸಾಕು. ಸಾಬೂನಿನ ನೀರು ಬಾಳೆಗಿರಲಿ. ದೊಡ್ಡಪತ್ರೆಯ ಸ್ವಭಾವ ತದ್ವಿರುದ್ಧ. ಮುರಿದ ಕೊಂಬೆ ಚುಚ್ಚಿದರೆ ಚಿಗುರುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ. ನಮ್ಮ ಮಳೆಗೆ ಅದು ಪ್ರತಿವರ್ಷ ಸತ್ತುಹೋಗುತ್ತದೆಂದು ದೂರುವವರು ಒಡಕು ಕೊಡದಲ್ಲಿ ಒಂದು ಕೊಂಬೆ ನೆಟ್ಟು ಸೂರಿನ ಒಳಗಿಡಬೇಕು. ಬಸಳೆ, ಮಜ್ಜಿಗೆಹುಲ್ಲು, ಪುದೀನ ಇವಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ.

ಕೊತ್ತಂಬರಿಯ ವಿಚಾರದಲ್ಲಿ ಮಾತ್ರ ಎಲ್ಲರೂ ಸೋತವರೇ. ಬಿಸಿಲು ಏರಿದೊಡನೆ ಎಲೆ ಬಿಡದೆ ಹೂವಿಗೆ ಏರುತ್ತದೆ. ಒಂದು ಕಾಳಿನಲ್ಲಿ ಎರಡು ಬೀಜಗಳಿರುವುದರಿಂದ ಲಟ್ಟಣಿಗೆಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗದಲ್ಲಿ, ಹದಿನೈದು ದಿನಕ್ಕೊಂದು ಹಿಡಿಯಂತೆ ಬಿತ್ತಿದರೆ ಸ್ವಲ್ಪ ಗೆಲ್ಲಬಹುದು. ನಾವಂತೂ ಬೇಸಿಗೆಯಲ್ಲಿ ಅದರ ಆಸೆ ಬಿಟ್ಟು ಕಾಡು ಕೊತ್ತಂಬರಿಗೆ ಶರಣಾಗಿದ್ದೇವೆ. ಗರಗಸದಂತಹ ಅಂಚಿನ ಉದ್ದೆಲೆಯ ಈ ಗಿಡ ಮೂಲತಃ ಅಮೆರಿಕ ಖಂಡದ ಉಷ್ಣಪ್ರದೇಶದ್ದು. ಇಂದು ನಮ್ಮ ಕಾಫಿ ಗಿಡದ ನೆರಳಿನಲ್ಲಿ ಹುಟ್ಟೂರಿನಂತೆ ಬೆಳೆಯುತ್ತದೆ. ಬಹುಮಂದಿ ಕಳೆಯೆಂದು ಕಿತ್ತೆಸೆಯುತ್ತಾರೆ. ಹೂದಂಟು ಬಂದೊಡನೆ ಚಿವುಟುತ್ತಿದ್ದರೆ ಎಲೆ ಬರುತ್ತಲೇ ಇರುತ್ತದೆ. ಕುದಿಸಿದರೂ ಪರಿಮಳ ಹೋಗದ ಕಾರಣ ಸಾರಿಗೆ ಎರಡೆಲೆ ಸಾಕು, ಮೂರನೆಯದು ಹೆಚ್ಚಾಗುತ್ತದೆ.

ಇನ್ನು ಅಡಿಗೆ. ಒಂದೆಲಗದ ತಂಬುಳಿಗೆ ಒಂದು ಹಿಡಿ ಸೊಪ್ಪು, ಅರ್ಧ ಬಟ್ಟಲು ಕಾಯಿತುರಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ನುಣ್ಣಗೆ ರುಬ್ಬಿ, ಹುಳಿ ಏರದ ಎರಡು ಬಟ್ಟಲು ಮಜ್ಜಿಗೆಗೆ ಕದಡಿ ಉಪ್ಪು ಹಾಕುವುದು; ಒಗ್ಗರಣೆ ಬೇಕಾದರೆ ತುಪ್ಪದ್ದು. ಒಲೆಯ ಮೇಲಿಡಕೂಡದು. ದೊಡ್ಡಪತ್ರೆಯನ್ನಾದರೆ ಮೊದಲು ಜೀರಿಗೆ, ಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಆರಿದ ಮೇಲೆ ರುಬ್ಬಬೇಕು. ಹಸಿಯಾಗಿ ರುಬ್ಬಿದರೆ ಘಾಟು. ಪೇರಳೆ, ನೆಕ್ಕರಿಕೆ ಕುಡಿಗಳಿಗೂ ಇದೇ ಕ್ರಮ. ನಮ್ಮ ತಾಯಿ ತಂಬುಳಿಯನ್ನು ಅನ್ನಕ್ಕೆ ಮೊದಲು ಬಡಿಸುತ್ತಿದ್ದರು. ನಮ್ಮ ಮನೆಯವರು ಕೊನೆಯಲ್ಲಿ ಲೋಟದಲ್ಲಿ ಕೊಡುತ್ತಾರೆ. ಮೂವತ್ತು ವರ್ಷಗಳಲ್ಲಿ ಈ ವ್ಯಾಜ್ಯ ತೀರ್ಮಾನವಾಗಿಲ್ಲ.

ವಿಟಮಿನ್ ಸೊಪ್ಪೆಂದು ಹೆಸರಾದ ಚಕ್ರಮುನಿಯನ್ನು ಬೇಲಿಯ ಸಾಲಿಗೆ ನೆಡಿ. ಪಲ್ಯಕ್ಕೆ, ತಂಬುಳಿಗೆ ಅದು ಒಳ್ಳೆಯದೇ. ಆದರೆ ಮನೆಯ ಸೊಪ್ಪೆಂದ ಮಾತ್ರಕ್ಕೆ ಮಿತಿ ಮೀರಬಾರದು. 1995ರ ಸುಮಾರಿಗೆ ತೈವಾನಿನಲ್ಲಿ ಮೈ ಇಳಿಸುವ ಆಸೆಯಿಂದ ಇದೇ ಸೊಪ್ಪಿನ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶ ಗುಣವಾಗದಷ್ಟು ಕೆಟ್ಟಿತು. ಬೇಯಿಸಿ, ಬೇರೆ ಸೊಪ್ಪಿನ ಸರದಿಯಲ್ಲಿ ಆಗಾಗ ಉಣ್ಣುವ ನಮ್ಮ ಪದ್ಧತಿಯಲ್ಲಿ ವಿವೇಕವಿತ್ತು.

ಪೇಟೆಯ ಸೊಪ್ಪಿನ ಗಾಡಿ ಈಗ ಮನೆ ಬಾಗಿಲಿಗೇ ಬರುತ್ತದೆ, ಇದೆಲ್ಲ ಯಾಕೆ ಎಂದು ನಮ್ಮ ನಿರ್ದೇಶಕರೊಬ್ಬರು ಕೇಳಿದರು. ಗಾಡಿಯಲ್ಲಿ ಕೊತ್ತಂಬರಿ, ಪುದೀನ, ಮೆಂತ್ಯ ಸಿಗುತ್ತವೆ. ಕಾಡು ಕೊತ್ತಂಬರಿಯೂ ನೆಕ್ಕರಿಕೆ ಕುಡಿಯೂ ಸಿಗುವುದಿಲ್ಲ. ಅವುಗಳ ಗುರುತು ಗೊತ್ತಿರುವ ಹೆಂಗಸರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಗುರುತಿಸಿ ಕೀಳಲು ನೆಲವಿಲ್ಲದಿದ್ದರೆ ಮಗಳಿಗೆ ಯಾವುದನ್ನು ತೋರಿಸಿ ಹೇಳಿಕೊಡುತ್ತಾರೆ?

ನಮ್ಮ ಕೆಳಗಿನ ತೋಟದ ಕಾಲುವೆಯಂಚಿನಲ್ಲಿ ಈ ವರ್ಷ ಒಂದೆಲಗ ಎದ್ದಿಲ್ಲ; ಅಲ್ಲಿ ಬೇರೇನೋ ಹುಲ್ಲು ಬಂದಿದೆ. ಹಿತ್ತಿಲ ಪಟ್ಟಿಗೆ ಪಕ್ಕದ ಮನೆಯಿಂದ ಬಳ್ಳಿ ಬೇಡಿ ತಂದು ಊರಿದ್ದೇವೆ, ಹಿಡಿದಿದೆ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ, ಮಳಿಗೆಯಿಂದ ಕಳೆನಾಶಕ ಕೊಡುವಾಗ ಮನೆಯ ಸುತ್ತ ಬಿಡಬೇಕಾದ ಜಾಗದ ಬಗ್ಗೆ ಕನ್ನಡದಲ್ಲಿ ಅಚ್ಚು ಮಾಡಿದ ಚೀಟಿಯನ್ನೂ ಕೊಡಬೇಕೆಂಬ ಸೂಚನೆ ಮಂಡಿಸಲಿದ್ದೇವೆ. ಸದಸ್ಯರ ಅಭಿಪ್ರಾಯ ಅದಕ್ಕೆ ಮುಂಚೆ ಬಂದರೆ ಅನುಕೂಲ. ಕಾಡು ಕೊತ್ತಂಬರಿ ಸಸಿ ನಮ್ಮಲ್ಲಿ ಬೇಕಾದಷ್ಟಿವೆ. ಸಂತೆಯ ದಿನ ಕಚೇರಿಗೆ ಬರುವವರು ಅಡಿಕೆ ಹಾಳೆಯ ಒಂದು ತುಂಡು ತಂದರೆ ಮಣ್ಣಿನ ಸಮೇತ ಕಟ್ಟಿಕೊಡುತ್ತೇವೆ.