ದೇಶಾಂತರದ ಮಾತು: ೨೮೦ ಮತಗಳು

“ನಾನೊಬ್ಬನು ಹೋಗದಿದ್ದರೆ ಯಾವ ರಾಜ್ಯ ಮುಳುಗೀತು?” ಎಂದು ಮತದಾನದ ದಿನ ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಮೆಲ್ಲುತ್ತ ಹೇಳುವ ಗೃಹಸ್ಥರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಉತ್ತರ ಕೊಡಲು ದೂರ ಹೋಗಬೇಕಾದುದಿಲ್ಲ. ೨೦೦೪ನೆಯ ಇಸವಿಯಲ್ಲಿ ಸಂತೇಮರಹಳ್ಳಿಯ ಕ್ಷೇತ್ರದಲ್ಲಿ ಶ್ರೀ ಆರ್. ಧ್ರುವನಾರಾಯಣ ಅವರಿಗೆ ೪೦,೭೫೨ ಮತಗಳೂ ಶ್ರೀ ಎ. ಆರ್. ಕೃಷ್ಣಮೂರ್ತಿಯವರಿಗೆ ೪೦,೭೫೧ ಮತಗಳೂ ಬಂದು, ಒಂದೇ ಒಂದು ಮತದಿಂದ ವಿಧಾನಸಭೆಯ ಸ್ಥಾನವು ನಿರ್ಣಯವಾದುದು ವಾಚಕರ ನೆನಪಿನಲ್ಲಿರಬಹುದು. ಆದರೆ ಅದು ಒಂದು ಕ್ಷೇತ್ರದ ಮಾತಾಯಿತು. ಇಪ್ಪತ್ತೈದು ಲಕ್ಷ ಮಂದಿ ಮತವಿತ್ತ ಒಂದು ಇಡೀ ರಾಜ್ಯದಲ್ಲಿಯೂ ತಕ್ಕಡಿಯ ಮುಳ್ಳು ಹೀಗೆಯೇ ನಡುವೆ ನಿಂತು ನಡುಗಿದ ಸಂಗತಿಯೊಂದುಂಟು. ಈ ತಿಂಗಳು ಅದನ್ನು ಹೇಳುವೆವು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷನ ಅಧಿಕಾರಾವಧಿಯು ನಾಲ್ಕು ವರ್ಷವಷ್ಟೆ. ಆ ಅವಧಿಯ ನಡುವೆ, ಎರಡು ವರ್ಷ ತುಂಬುವ ಹೊತ್ತಿಗೆ ಬರುವ ಚುನಾವಣೆಗೆ ಅವರು ಮಧ್ಯಾವಧಿಯ ಚುನಾವಣೆಯೆನ್ನುತ್ತಾರೆ. ನಮ್ಮಲ್ಲಿ ಮಂತ್ರಿಮಂಡಲವು ಉರುಳಿ ಅಕಾಲದಲ್ಲಿ ಬರುವ ಚುನಾವಣೆಗೂ ಇದಕ್ಕೂ ಸಂಬಂಧವಿಲ್ಲ. ಇದು ಗೊತ್ತಾದ ಕಾಲಕ್ಕೆ ತಪ್ಪದೆ ಬರತಕ್ಕದ್ದು. ಕಾಂಗ್ರೆಸ್ಸಿನ ಕೆಳಮನೆಯ ೪೩೫ ಸ್ಥಾನಗಳಿಗೂ ಮೇಲ್ಮನೆಯ ಮೂರರಲ್ಲೊಂದು ಪಾಲಿಗೂ ಆಗ ಆಯ್ಕೆ ನಡೆಯುತ್ತದೆ. ಅನೇಕ ರಾಜ್ಯಗಳು ತಮ್ಮ ಗವರ್ನರನ್ನೂ ಇತರ ಅಧಿಕಾರಿಗಳನ್ನೂ ಅದೇ ದಿನ ಆರಿಸಿಕೊಳ್ಳುತ್ತವೆ. ನಮ್ಮಲ್ಲಿ ಅಡ್ವೊಕೇಟ್ ಜನರಲ್ ಅವರನ್ನು ರಾಜ್ಯಪಾಲರು ನೇಮಿಸಿದರೆ, ಅಲ್ಲಿ ಬಹುಮಟ್ಟಿಗೆ ರಾಜ್ಯದ ಅಟಾರ್ನಿ ಜನರಲ್ ಕೂಡ ಜನರ ಮತದಿಂದಲೇ ಬರಬೇಕು.

ಬಹಳಷ್ಟು ರಾಜ್ಯಗಳ ಒಲವು ಎತ್ತ ಕಡೆಗೆಂಬುದು ಮುಂಚೆಯೇ ತಿಳಿದಿರುತ್ತದೆ. ಒಂದು ಸಲ ಈ ಪಕ್ಷಕ್ಕೂ ಇನ್ನೊಂದು ಸಲ ಆ ಪಕ್ಷಕ್ಕೂ ವಾಲುವ ಉಯ್ಯಾಲೆಯಂಥ ರಾಜ್ಯಗಳು ಕೆಲವೇ. ಎಲ್ಲರ ಕಣ್ಣೂ ಅವುಗಳ ಮೇಲೆ. ನೈಋತ್ಯದ ಮರುಭೂಮಿಯಲ್ಲಿರುವ ಅರಿಜೋನಾ ಈ ಗುಂಪಿಗೆ ಈಚೆಗೆ ಸೇರಿದುದು. ೧೯೫೨ರಿಂದ ೨೦೧೬ರ ವರೆಗೆ ಅಧ್ಯಕ್ಷರ ಚುನಾವಣೆಗಳಲ್ಲಿ, ೧೯೯೬ನ್ನು ಬಿಟ್ಟರೆ, ಅದು ರಿಪಬ್ಲಿಕನ್ ಪಕ್ಷದ ಕೈ ಬಿಟ್ಟಿದ್ದಿಲ್ಲ. ೨೦೨೦ರಲ್ಲಿ ಜೋ ಬೈಡನ್ ಅವರು ಅಲ್ಲಿ ೧೦,೪೫೭ ಮತಗಳಿಂದ ಗೆದ್ದರು.

ಇಂಥ ಬದಲಾವಣೆಗೆ ಕಾರಣವೇನೆಂದು ಕೇಳಿದರೆ ಪತ್ರಿಕೆಯವರು ಕೂಡಲೇ ಜನಗಣತಿಯ ಪುಸ್ತಕವನ್ನು ತೆರೆಯುತ್ತಾರೆ. ತೆರೆಯಬೇಕಾದುದೇ ಸರಿ, ಏಕೆಂದರೆ ಆ ರಾಜ್ಯದ ಜನರ ಕೂಟವು ಬಹು ವಿಚಿತ್ರವಾದುದು. ೨೦೨೦ರ ಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು ೭೧½ ಲಕ್ಷ. ಅದರಲ್ಲಿ ನೂರಕ್ಕೆ ಸುಮಾರು ೩೧ ಮಂದಿ ಸ್ಪಾನಿಷ್ ಮೂಲದ ಮನೆತನಗಳವರು. ೧೮೪೮ರ ವರೆಗೂ ಅದು ಮೆಕ್ಸಿಕೋದ ನೆಲವಾಗಿದ್ದುದರಿಂದ, ಅವರಲ್ಲಿ ಕೆಲವರ ಮುತ್ತಜ್ಜಂದಿರು ಗಡಿಯನ್ನು ದಾಟಿ ಬಂದವರಲ್ಲ. ಗಡಿಯೇ ಅವರನ್ನು ದಾಟಿ ಹೋಯಿತು. ಆದರೆ ಈ ೩೧ ಎಂಬ ಅಂಕವನ್ನು ಮತಪೆಟ್ಟಿಗೆಯ ಬಳಿಗೆ ಹಾಗೆಯೇ ಕೊಂಡೊಯ್ಯಲಾಗದು. ಅವರಲ್ಲಿ ಮಕ್ಕಳೂ ತರುಣರೂ ಹೆಚ್ಚು, ಪೌರತ್ವವಿಲ್ಲದವರೂ ಉಂಟು. ಮತದಾರರಲ್ಲಿ ಅವರ ಪಾಲು ಜನಸಂಖ್ಯೆಯ ಪಾಲಿಗಿಂತ ಬಹಳ ಕಡಮೆ. ಇನ್ನೊಂದು ಕಡೆ ಮುದುಕರು. ಫೀನಿಕ್ಸ್ ನಗರದ ಪಕ್ಕದಲ್ಲಿ ೧೯೬೦ರಲ್ಲಿ ಸನ್ ಸಿಟಿಯೆಂಬ ಊರೊಂದನ್ನು ನಿವೃತ್ತರಿಗಾಗಿಯೇ ಕಟ್ಟಿದರು. ಚಳಿಯ ನಾಡುಗಳಿಂದ ಪಿಂಚಣಿದಾರರು ಬಿಸಿಲನ್ನು ಅರಸಿ ಅಲ್ಲಿಗೆ ಬಂದು ನೆಲೆಸಿದರು. ಮಧ್ಯಾವಧಿಯ ಚುನಾವಣೆಯಲ್ಲಿ ತರುಣರು ಮೈಗಳ್ಳರಾಗುವುದೂ ಹಿರಿಯರು ತಪ್ಪದೆ ಮತವೀಯುವುದೂ ಅಲ್ಲಿನ ವಾಡಿಕೆ. (ನಮ್ಮ ಊರುಗಳಲ್ಲಿಯೂ ಬೆಳಗಿನ ಸಾಲಿನಲ್ಲಿ ಕಾಣುವುದು ಯಾರ ತಲೆಗಳೆಂಬುದನ್ನು ವಾಚಕರು ಬಲ್ಲರು.)

ಆ ದೇಶದಲ್ಲಿ ಮತದಾರನು ತನ್ನ ಪಕ್ಷವನ್ನು ಪಟ್ಟಿಯಲ್ಲಿಯೇ ಬರೆಯಿಸಬಹುದು. ಅರಿಜೋನಾದ ಪಟ್ಟಿಯನ್ನು ನೋಡಿದರೆ ರಿಪಬ್ಲಿಕನ್ನರು ಒಂದು ಪಾಲು, ಡೆಮಾಕ್ರಟರು ಅದಕ್ಕಿಂತ ಕೊಂಚ ಕಿರಿದಾದ ಒಂದು ಪಾಲು, ಯಾವ ಪಕ್ಷಕ್ಕೂ ಸೇರದವರು ಇನ್ನೊಂದು ಪಾಲು; ಮೂವರು ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡಂತೆ ಇದೆ.

ಎಲ್ಲರಿಗಿಂತ ಮೊದಲು ಆ ನೆಲದಲ್ಲಿದ್ದವರ ಮಾತನ್ನು ಕಡೆಗೆ ಹೇಳುತ್ತಿದ್ದೇವೆ; ಅವರಿಗೆ ಮತದ ಹಕ್ಕು ಬಂದುದೂ ಕಡೆಗೇ. ಅರಿಜೋನಾದಲ್ಲಿ ಮೂಲನಿವಾಸಿಗಳ ೨೨ ಬುಡಕಟ್ಟುಗಳಿವೆ. ೧೯೨೪ರ ಕಾಯಿದೆಯಿಂದ ಅವರೆಲ್ಲರೂ ದೇಶದ ಪೌರರಾದರು. ಆದರೆ ತಮಗೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ವಾಸಿಸುವವರು ಸರಕಾರದ ಪಾಲನೆಯಲ್ಲಿರುವವರು, ಆದುದರಿಂದ ಮತಕ್ಕೆ ಅರ್ಹರಲ್ಲವೆಂದು ರಾಜ್ಯದ ಶ್ರೇಷ್ಠ ನ್ಯಾಯಾಲಯವು ೧೯೨೮ರಲ್ಲಿ ತೀರ್ಪಿತ್ತಿತು. ೧೯೪೫ರಲ್ಲಿ ಐವೊ ಜೀಮಾ ದ್ವೀಪದ ಬೆಟ್ಟದ ಮೇಲೆ ಧ್ವಜವನ್ನು ನಿಲ್ಲಿಸಿದ ಸೈನಿಕರ ಛಾಯಾಚಿತ್ರವು ಜಗತ್ತಿಗೆಲ್ಲ ಪರಿಚಿತವಾದುದು. ಅವರಲ್ಲಿ ಒಬ್ಬನಾದ ಐರಾ ಹೇಸ್ ಅರಿಜೋನಾದ ಪಿಮಾ ಬುಡಕಟ್ಟಿನವನು. ಆ ಧ್ವಜದ ಕೆಳಗೆ ತನ್ನ ರಾಜ್ಯದಲ್ಲಿ ಮತವೀಯುವ ಅಧಿಕಾರವು ಅವನಿಗಿರಲಿಲ್ಲ. ಫ್ರಾಂಕ್ ಹ್ಯಾರಿಸನ್, ಹ್ಯಾರಿ ಆಸ್ಟಿನ್ ಎಂಬ ಇಬ್ಬರು ನ್ಯಾಯಾಲಯಕ್ಕೆ ಹೋಗಿ ೧೯೪೮ರಲ್ಲಿ ಆ ತೀರ್ಪನ್ನು ತಿರುಗಿಸಿದರು. ಬಳಿಕವೂ ಇಂಗ್ಲಿಷ್ ಓದುಬರಹದ ಪರೀಕ್ಷೆಯೊಂದು ಬಾಗಿಲಲ್ಲಿ ನಿಂತಿದ್ದಿತು. ೧೯೭೦ರ ಕೇಂದ್ರದ ಕಾಯಿದೆಯು ಅದನ್ನು ತೊಲಗಿಸಿತು. ಇಂದಿಗೂ ನಾವಹೋ ಸೀಮೆಯ ಎಷ್ಟೋ ಮನೆಗಳಿಗೆ ಬೀದಿಯ ಹೆಸರಿಲ್ಲ, ಮನೆಯ ಸಂಖ್ಯೆಯಿಲ್ಲ. ಟಪಾಲಿಗಾಗಿ ಮಣ್ಣಿನ ದಾರಿಯಲ್ಲಿ ಬಹುದೂರ ಹೋಗಬೇಕು. ಟಪಾಲಿನ ಮತವು ಚುನಾವಣೆಯ ದಿನ ಸಂಜೆ ಏಳು ಗಂಟೆಯೊಳಗೆ ಕಚೇರಿಗೆ ಮುಟ್ಟಬೇಕೆಂಬ ನಿಯಮವು ನಗರದವನಿಗೆ ಸುಲಭ, ಇವರಿಗೆ ಕಷ್ಟ.

ಇಷ್ಟು ಬಗೆಯ ಜನರು ೨೦೨೨ರ ನವೆಂಬರ್ ೮ರಂದು ಮತವಿತ್ತರು. ಬಹು ಮಂದಿ ಮನೆಯಲ್ಲಿಯೇ ಕುಳಿತು ಮತಪತ್ರವನ್ನು ತುಂಬಿ ಲಕೋಟೆಯಲ್ಲಿ ಕಳುಹಿಸುವವರು. ಪ್ರತಿ ಲಕೋಟೆಯ ಮೇಲಿನ ಸಹಿಯನ್ನೂ ಹಳೆಯ ಸಹಿಯೊಡನೆ ಹೋಲಿಸಿ ನೋಡಿದ ಮೇಲೆಯೇ ಅದನ್ನು ಒಡೆಯಬೇಕು. ರಾಜ್ಯದ ಅರ್ಧಕ್ಕಿಂತ ಹೆಚ್ಚು ಮತದಾರರಿರುವ ಮಾರಿಕೋಪಾ ಕೌಂಟಿಯಲ್ಲಿ ಅಂಥ ಸುಮಾರು ೨,೯೦,೦೦೦ ಲಕೋಟೆಗಳು ಕಡೆಯ ದಿನವೇ ಬಂದು ಬಿದ್ದುವು. ಕೆಲವು ಮತಗಟ್ಟೆಗಳಲ್ಲಿ ಮತಪತ್ರದ ಅಚ್ಚು ಮಸುಕಾಗಿ ಎಣಿಸುವ ಯಂತ್ರವು ಅದನ್ನು ಓದಲಾರದೆ ಹೋಯಿತು. ಜನರಿಗೆ ಸಂಶಯ ಹುಟ್ಟಲು ಇನ್ನೇನು ಬೇಕು? ಗವರ್ನರ ಪದವಿಗೆ ಡೆಮಾಕ್ರಟಿಕ್ ಪಕ್ಷದ ಕೇಟಿ ಹಾಬ್ಸ್ ಅವರು ಕ್ಯಾರಿ ಲೇಕ್ ಅವರನ್ನು ೧೭,೧೧೭ ಮತಗಳಿಂದ ಸೋಲಿಸಿದರೆಂಬುದು ಸ್ಪಷ್ಟವಾಗಲು ಸುಮಾರು ಒಂದು ವಾರ ಹಿಡಿಯಿತು. ಮೋಸವಾಯಿತೆಂದು ಲೇಕ್ ಅವರು ಹೂಡಿದ ದಾವೆಯನ್ನು ನ್ಯಾಯಾಲಯಗಳು ಎತ್ತಿಹಿಡಿಯಲಿಲ್ಲ.

ಅಟಾರ್ನಿ ಜನರಲ್ ಪದವಿಯ ಕಥೆ ಇದಕ್ಕಿಂತಲೂ ಬಿಗಿಯಾದುದು. ಒಂದು ಕಡೆ ಹಿಂದೆ ರಿಪಬ್ಲಿಕನ್ ಪಕ್ಷದಲ್ಲಿಯೇ ಇದ್ದು ಡೆಮಾಕ್ರಟರ ಕಡೆಗೆ ಬಂದ ಕ್ರಿಸ್ ಮೇಸ್ ಎಂಬ ಮಹಿಳೆ. ಇನ್ನೊಂದು ಕಡೆ ರಿಪಬ್ಲಿಕನ್ ಪಕ್ಷದ ಏಬ್ ಹಮಾಡೆ. ಮೊದಲ ಎಣಿಕೆಯಲ್ಲಿ ಮೇಸ್ ಅವರು ೫೧೧ ಮತಗಳಿಂದ ಮುಂದೆ. ಅಂತರವು ನೂರಕ್ಕೆ ಅರ್ಧವನ್ನು ಮೀರದಿದ್ದರೆ ಮತ್ತೊಮ್ಮೆ ಎಣಿಸತಕ್ಕದ್ದೆಂದು ಕಾಯಿದೆಯುಂಟು. ಎಣಿಸಿದರು. ಪಿನಾಲ್ ಎಂಬ ಕೌಂಟಿಯಲ್ಲಿ ಮನುಷ್ಯರ ಕೈತಪ್ಪಿನಿಂದ ಸುಮಾರು ೫೦೦ ಮತಗಳು ಮೊದಲ ಲೆಕ್ಕಕ್ಕೆ ಬಾರದೆ ಉಳಿದಿದ್ದುದು ಆಗ ಹೊರಬಿದ್ದಿತು. ಡಿಸೆಂಬರ್ ೨೯ರಂದು ನ್ಯಾಯಾಧೀಶರು ಓದಿದ ಅಂಕಗಳಿವು: ಮೇಸ್ ೧೨,೫೪,೮೦೯, ಹಮಾಡೆ ೧೨,೫೪,೫೨೯. ಅಂತರ ೨೮೦. ಸುಮಾರು ಒಂಬತ್ತು ಸಾವಿರ ಮತಗಳಿಗೆ ಒಂದು ಮತದಂತೆ ಬಿದ್ದಿತೆಂದು ಲೆಕ್ಕ ಬಲ್ಲವರು ನೋಡಿಕೊಳ್ಳಬಹುದು.

ಹಾಗಾದರೆ ಮೇಸ್ ಅವರನ್ನು ಗೆಲ್ಲಿಸಿದವರು ಯಾರು? ಸ್ಪಾನಿಷ್ ಮನೆತನದವರೆಂದು ಒಬ್ಬರು, ನಗರದ ಅಂಚಿನ ಬಡಾವಣೆಗಳ ಹೆಂಗಸರೆಂದು ಒಬ್ಬರು, ನಾವಹೋ ಜನರೆಂದು ಮತ್ತೊಬ್ಬರು, ಯಾವ ಪಕ್ಷಕ್ಕೂ ಸೇರದವರೆಂದು ಇನ್ನೊಬ್ಬರು ಬರೆದರೆ ಯಾರನ್ನೂ ಸುಳ್ಳರೆನ್ನುವಂತಿಲ್ಲ. ೨೮೧ ಮತಗಳನ್ನು ಇವರಲ್ಲಿ ಯಾವ ಗುಂಪಿನಿಂದ ತೆಗೆದರೂ ಫಲವು ತಿರುಗುತ್ತಿದ್ದಿತು. ಇಪ್ಪತ್ತು ಸಾವಿರದ ಅಂತರವನ್ನು ವಿವರಿಸಲು ಜನಗಣತಿಯ ಅಂಕಗಳು ಸಾಕು. ೨೮೦ನ್ನು ವಿವರಿಸಲು ಅವು ಸಾಲವೆಂದು ನಮ್ಮ ಮತ. ಅಲ್ಲಿ ಗುಂಪುಗಳು ಕರಗಿ ಮನೆಗಳು ಉಳಿಯುತ್ತವೆ: ಒಬ್ಬಳು ಲಕೋಟೆಗೆ ಸಹಿ ಹಾಕಲು ಮರೆತಳು, ಒಬ್ಬನ ಬಂಡಿ ಕೆಟ್ಟಿತು, ಒಬ್ಬ ಗುಮಾಸ್ತನು ಪುಟ ತಿರುವಿ ಹಾಕಿದನು.

ಈ ಪದವಿ ಯಾರಿಗೆ ಸಿಕ್ಕರೆ ಸಂಸಾರಿಗಳಿಗೇನು ಎಂದು ಕೇಳಬಹುದು. ಅರಿಜೋನಾ ಇನ್ನೂ ರಾಜ್ಯವೇ ಆಗಿರದಿದ್ದ ೧೮೬೪ರಲ್ಲಿ ಅಲ್ಲಿ ಒಂದು ಕಾಯಿದೆಯಾಗಿದ್ದಿತು. ತಾಯಿಯ ಪ್ರಾಣವನ್ನು ಉಳಿಸಲಲ್ಲದೆ ಬೇರೆ ಕಾರಣಕ್ಕೆ ಗರ್ಭಪಾತ ಮಾಡಿಸಿದವರಿಗೆ ಎರಡರಿಂದ ಐದು ವರ್ಷಗಳ ಸೆರೆ. ಅರ್ಧ ಶತಮಾನ ಮಲಗಿದ್ದ ಈ ಕಾಯಿದೆಯು ಜಾರಿಗೆ ಬರಬಹುದೆಂದು ರಾಜ್ಯದ ಶ್ರೇಷ್ಠ ನ್ಯಾಯಾಲಯವು ೨೦೨೪ರ ಏಪ್ರಿಲ್ ೯ರಂದು ಹೇಳಿತು. ಅದರ ಗುಣದೋಷಗಳನ್ನು ತೂಗುವುದು ಇಲ್ಲಿ ನಮ್ಮ ಕೆಲಸವಲ್ಲ. ತಾನು ಅಧಿಕಾರದಲ್ಲಿರುವ ವರೆಗೆ ಈ ಕಾಯಿದೆಯಂತೆ ಯಾವ ಹೆಂಗಸಿನ ಮೇಲೆಯೂ ಯಾವ ವೈದ್ಯನ ಮೇಲೆಯೂ ಮೊಕದ್ದಮೆ ಹೂಡುವುದಿಲ್ಲವೆಂದು ಮೇಸ್ ಅವರು ಅದೇ ದಿನ ಪ್ರಕಟಿಸಿದರು. ಮುಂದಿನ ವಾರಗಳಲ್ಲಿ ಮೇಲ್ಮನೆಯು ೧೬ಕ್ಕೆ ೧೪ ಮತಗಳಿಂದ ಕಾಯಿದೆಯನ್ನು ರದ್ದು ಮಾಡಿತು, ಗವರ್ನರ್ ಹಾಬ್ಸ್ ಅವರು ಸಹಿ ಹಾಕಿದರು. ಹೀಗೆ ಎಷ್ಟೋ ಮನೆಗಳ ಒಳಕೋಣೆಯ ಚಿಂತೆಯೊಂದು ಆ ೨೮೦ ಮತಗಳಿಗೆ ಗಂಟುಬಿದ್ದಿದ್ದಿತು.

೨೦೨೪ರ ನವೆಂಬರಿನಲ್ಲಿ ಉಯ್ಯಾಲೆ ಮತ್ತೆ ತೂಗಿತು. ಡೊನಾಲ್ಡ್ ಟ್ರಂಪ್ ಅವರು ಅರಿಜೋನಾವನ್ನು ಸುಮಾರು ೧,೮೭,೦೦೦ ಮತಗಳಿಂದ ಗೆದ್ದರು. ಅದೇ ದಿನ, ಅದೇ ಮತಪತ್ರದ ಮೇಲೆ, ಅದೇ ಜನರು ಡೆಮಾಕ್ರಟಿಕ್ ಪಕ್ಷದ ರೂಬೆನ್ ಗಲ್ಯೇಗೊ ಅವರನ್ನು ಸೆನೆಟಿಗೆ ಕಳುಹಿಸಿದರು. ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನದಲ್ಲಿ ಸೇರಿಸಲು ನೂರಕ್ಕೆ ೬೧ಕ್ಕೂ ಹೆಚ್ಚು ಮಂದಿ ಒಪ್ಪಿಗೆಯಿತ್ತರು. ಏಬ್ ಹಮಾಡೆಯವರೂ ಆ ದಿನವೇ ಫೀನಿಕ್ಸಿನ ಪಶ್ಚಿಮ ಭಾಗದಿಂದ, ಸನ್ ಸಿಟಿಯ ಹಿರಿಯರು ಮತವೀಯುವ ಕ್ಷೇತ್ರದಿಂದ, ಕಾಂಗ್ರೆಸ್ಸಿನ ಕೆಳಮನೆಗೆ ಆರಿಸಿ ಬಂದರು. ಈ ಸಲ ಅವರ ಮತಗಳನ್ನು ಎರಡನೆಯ ಬಾರಿ ಎಣಿಸಬೇಕಾಗಲಿಲ್ಲ.