ಲಿವರ್‌ವರ್ಟಿನ ತೈಲ ರೈತನ ಬೆಳೆಯಾದೀತೆ?



ಮಳೆಗಾಲದಲ್ಲಿ ಮಲೆನಾಡಿನ ಅಡಿಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ, ಬಾವಿಯ ಒಳಗೋಡೆಯಲ್ಲಿ ಹಸಿರು ಪಟ್ಟಿಯಂತೆ ಅಂಟಿಕೊಂಡು ಹಬ್ಬುವ ಸಸ್ಯವನ್ನು ತಾವು ಕಂಡಿರಬಹುದು. ತುದಿಯಲ್ಲಿ ಎರಡಾಗಿ ಕವಲೊಡೆಯುವ ಇದು ಹಾವಸೆಯ ಬಂಧು. ಶಾಸ್ತ್ರಜ್ಞರು ಲಿವರ್‌ವರ್ಟ್ ಎನ್ನುತ್ತಾರೆ. ಇದರ ಕೆಲವು ಜಾತಿಗಳನ್ನು ಹೊಸಕಿದರೆ ಘಾಟು ವಾಸನೆ ಬರುತ್ತದೆ. ವಾಸನೆಯಿದ್ದಲ್ಲಿ ತೈಲ, ತೈಲವಿದ್ದಲ್ಲಿ ಹಣ ಎಂದು ಯಾರಾದರೂ ಇದನ್ನು ಕೆರೆದು ಮಾರಲು ಹೇಳಿದರೆ ಒಪ್ಪಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ತೈಲವೇನೋ ಇದೆ. ಇದರ ಜೀವಕೋಶಗಳಲ್ಲಿ ತೈಲಕಾಯಗಳೆಂಬ ಸೂಕ್ಷ್ಮ ಚೀಲಗಳಿವೆ. ಹಾವಸೆಗಳಲ್ಲಿ ಇವು ಇಲ್ಲ. ಅವುಗಳಲ್ಲಿ ತುಂಬಿರುವುದು ಹೆಚ್ಚಾಗಿ ಟರ್ಪೀನ್ ವರ್ಗದ ವಸ್ತುಗಳು. ಜಪಾನಿನ ಯೋಷಿನೋರಿ ಅಸಕಾವ ಅವರು ದಶಕಗಳ ಕಾಲ ಇವನ್ನು ಬಿಡಿಸಿ ನೋಡಿದ್ದಾರೆ. ಇವುಗಳಲ್ಲಿ ಹಲವು, ಹೂಬಿಡುವ ಗಿಡಗಳಲ್ಲಿರುವ ಅದೇ ವಸ್ತುಗಳ ಕನ್ನಡಿಯ ಪ್ರತಿಬಿಂಬಗಳು, ಎಡಗೈಗೆ ಬಲಗೈ ಇದ್ದಂತೆ. ರಸಾಯನಶಾಸ್ತ್ರಜ್ಞನಿಗೆ ಇದು ಹಬ್ಬದೂಟ. ವ್ಯಾಪಾರಿಗೆ ಬೇಕಾದುದು ಬೇರೆ.

ಪ್ರತಿ ಸಲವೂ ಒಂದೇ ಗುಣದ ಸರಕು ಅವನಿಗೆ ಬೇಕು. ನಿಂಬೆಹುಲ್ಲಿನ ತೈಲವನ್ನೇ ನೋಡಿ: ಸಿಟ್ರಾಲ್ ಶೇಕಡ 75ಕ್ಕಿಂತ ಕಡಿಮೆಯಾದರೆ ಬೆಲೆ ಇಳಿಯುತ್ತದೆ. ಲಿವರ್‌ವರ್ಟಿನಲ್ಲಿ ಈ ಭರವಸೆ ಎಲ್ಲಿ? ಜಪಾನಿನಲ್ಲಿ ಕೊನೊಸೆಫಾಲಮ್ ಎಂಬ ಒಂದೇ ಜಾತಿಯಲ್ಲಿ ಮೂರು ಬಗೆ ಕಂಡುಬಂದಿವೆ. ಒಂದರಲ್ಲಿ ಸ್ಯಾಬಿನೀನ್ ಪ್ರಧಾನ, ಇನ್ನೊಂದರಲ್ಲಿ ಬೋರ್ನೈಲ್ ಅಸಿಟೇಟ್, ಮತ್ತೊಂದರಲ್ಲಿ ಮೀಥೈಲ್ ಸಿನ್ನಮೇಟ್. ಕಣ್ಣಿಗೆ ಎಲ್ಲವೂ ಒಂದೇ! ಮೇಲಾಗಿ ಮಣ್ಣು, ಹಾವಸೆ, ಕಸ ಬೇರ್ಪಡಿಸಿ ಒಂದು ಮಂಕರಿ ಶುದ್ಧ ಸಸ್ಯ ಕೂಡಿಸುವ ಕೂಲಿಯನ್ನು ತಾವೇ ಲೆಕ್ಕಹಾಕಿ.

ಅಪಾಯವೂ ಉಂಟು. ಮರದ ತೊಗಟೆಯ ಮೇಲೆ ಬೆಳೆಯುವ ಫ್ರಲ್ಲಾನಿಯ ಎಂಬ ಲಿವರ್‌ವರ್ಟ್ ಮರ ಕಡಿಯುವವರ ಚರ್ಮದಲ್ಲಿ ತುರಿಕೆ, ಗುಳ್ಳೆ ಎಬ್ಬಿಸುತ್ತದೆ. ಅದಕ್ಕೆ ಕಾರಣವಾದ ಲ್ಯಾಕ್ಟೋನ್ ವಸ್ತುವನ್ನು ಫ್ರೆಂಚ್ ವಿಜ್ಞಾನಿಗಳು 1969ರಲ್ಲಿ ಗುರುತಿಸಿದರು. ಕೆರೆಯಲು ಬರಿಗೈ ಹಾಕುವ ಆಳಿಗೆ ಇದು ಗೊತ್ತಿರಬೇಕು.

ಈ ತೈಲ ಸಸ್ಯಕ್ಕೆ ಸ್ವಂತ ಕಾವಲು. ತೈಲಕಾಯಗಳಿಲ್ಲದ ಮಾರ್ಕಾನ್ಷಿಯ ಸಸ್ಯಗಳನ್ನು, ಮುಟ್ಟಿದರೆ ಉಂಡೆಯಾಗುವ ಹುಳುಗಳು ಹೆಚ್ಚಾಗಿ ತಿಂದವೆಂದು 2020ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಮುಂದೆ ಇದರಿಂದ ಕೀಟ ತಡೆಯುವ ಔಷಧಿ ಬಂದರೂ ಬರಬಹುದು. ಅದು ಪ್ರಯೋಗಾಲಯದ ಕೆಲಸ.

ಸದ್ಯಕ್ಕೆ ಮರದ ಮೇಲೆ, ದರೆಯ ಮೇಲೆ ಇರುವುದನ್ನು ಹಾಗೆಯೇ ಬಿಡಿ. ಇದಕ್ಕೆ ನಿಜವಾದ ಬೇರಿಲ್ಲ, ಮರದ ಸಾರ ಹೀರುವುದಿಲ್ಲ. ಸಸಿಮಡಿಯ ಚೀಲಗಳ ಮೇಲೆ ಹರಡಿ ನೀರು ಇಳಿಯದಂತೆ ಮಾಡಿದರೆ ಮಾತ್ರ ಕೆರೆದು ತೆಗೆದು, ನೀರು ಕಡಿಮೆ ಮಾಡಿ. ಸುಗಂಧ ತೈಲದ ಬೆಳೆಯೇ ಬೇಕೆಂದಿದ್ದರೆ ದವನವಿದೆ, ನಿಂಬೆಹುಲ್ಲಿದೆ. ಕೊಳ್ಳುವವನನ್ನು ಗೊತ್ತುಮಾಡಿಕೊಂಡು ನಾಟಿಗೆ ಇಳಿಯಿರಿ.